ಭೌತಶಾಸ್ತ್ರ ಹಾಗೂ ಖಗೋಳವಿಜ್ಞಾನ ವಿಭಾಗಗಳ ಅತಿಥಿ ಸಂಶೋಧನಾ ಉಪನ್ಯಾಸಗಳು: ಸಾರ್ವಜನಿಕರಿಗೆ ಮಾಹಿತಿ

ವಿಶ್ವವಿದ್ಯಾಲಯಗಳ ಭೌತಶಾಸ್ತ್ರ ಹಾಗೂ ಖಗೋಳವಿಜ್ಞಾನ ವಿಭಾಗಗಳು ಹೊರಗಿನ ಸಂಶೋಧಕರನ್ನು ಆಹ್ವಾನಿಸಿ ಉಪನ್ಯಾಸಗಳನ್ನು ಏರ್ಪಡಿಸುತ್ತವೆ. ಇವುಗಳಿಗೆ ಸಾಮಾನ್ಯವಾಗಿ ಪ್ರವೇಶ ಶುಲ್ಕವಿರುವುದಿಲ್ಲ. ಆದಾಗ್ಯೂ ಇತರ ಕಾಲೇಜುಗಳ ವಿದ್ಯಾರ್ಥಿಗಳು ಹಾಗೂ ಅಧ್ಯಾಪಕರು ತಮಗೆ ಅವಕಾಶವಿಲ್ಲವೆಂದು ಭಾವಿಸಿ ದೂರ ಉಳಿಯುವುದುಂಟು. ಅಂತಹ ಆಸಕ್ತರಿಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಅತಿಥಿಗಳನ್ನು ಕರೆಸುವ ಪದ್ಧತಿ ನಮ್ಮಲ್ಲಿ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1933ರಲ್ಲಿ ಸರ್ ಸಿ.ವಿ. ರಾಮನ್ ಅವರ ನೇತೃತ್ವದಲ್ಲಿ ಭೌತಶಾಸ್ತ್ರ ವಿಭಾಗವು ಆರಂಭವಾಯಿತು. ಜರ್ಮನಿಯನ್ನು ತೊರೆಯಬೇಕಾಗಿ ಬಂದಿದ್ದ ಮ್ಯಾಕ್ಸ್ ಬಾರ್ನ್ ಅವರು ರಾಮನ್ ಅವರ ಆಹ್ವಾನದ ಮೇರೆಗೆ 1935ರಲ್ಲಿ ಅಲ್ಲಿಗೆ ಬಂದು ಸುಮಾರು ಆರು ತಿಂಗಳು ತಂಗಿದ್ದರು. ಅವರಿಗೆ ನೊಬೆಲ್ ಪ್ರಶಸ್ತಿ ದೊರೆತದ್ದು 1954ರಲ್ಲಿ.

ಪ್ರಕಟಣೆಗಳಲ್ಲಿ ‘ಕಲೋಕ್ವಿಯಂ’ ಮತ್ತು ‘ಸೆಮಿನಾರ್’ ಎಂಬ ಎರಡು ಪದಗಳು ಕಂಡುಬರುತ್ತವೆ. ಕಲೋಕ್ವಿಯಂ ಇಡೀ ವಿಭಾಗಕ್ಕೆ ಉದ್ದೇಶಿಸಿದ್ದು. ಸ್ಫಟಿಕಗಳನ್ನು ಅಧ್ಯಯನ ಮಾಡುವವರಿಗೂ ನಕ್ಷತ್ರಪುಂಜಗಳ ವಿಷಯ ಅರ್ಥವಾಗುವಂತೆ ಉಪನ್ಯಾಸಕರು ಮೂಲದಿಂದ ವಿವರಿಸಬೇಕಾಗುತ್ತದೆ. ಸೆಮಿನಾರ್ ಆಯಾ ವಿಷಯದ ತಜ್ಞರಿಗೆ ಮೀಸಲಾದದ್ದು. ಪೀಠಿಕೆ ಚಿಕ್ಕದು, ಗಣಿತ ಹೆಚ್ಚು. ಮೊದಲ ಬಾರಿಗೆ ಹೋಗುವವರು ಕಲೋಕ್ವಿಯಂ ಆರಿಸಿಕೊಳ್ಳುವುದು ಸೂಕ್ತ. ಅಲ್ಲಿಯೂ ಕೊನೆಯ ಭಾಗ ಅರ್ಥವಾಗದಿದ್ದರೆ ಸಂಕೋಚಪಡಬೇಕಾಗಿಲ್ಲ. ಸಭೆಯಲ್ಲಿರುವ ಪ್ರಾಧ್ಯಾಪಕರಲ್ಲಿಯೂ ಅನೇಕರ ಸ್ಥಿತಿ ಅದೇ ಆಗಿರುತ್ತದೆ.

ಪಠ್ಯಪುಸ್ತಕದಲ್ಲಿ ಇತ್ಯರ್ಥವಾದ ವಿಷಯವಿರುತ್ತದೆ. ಇಲ್ಲಿ ಇನ್ನೂ ಇತ್ಯರ್ಥವಾಗದ ವಿಷಯವನ್ನು ಸಭೆಯ ಮುಂದಿಡಲಾಗುತ್ತದೆ. ಆದುದರಿಂದ ಪ್ರಶ್ನೋತ್ತರವೇ ಇದರ ಮುಖ್ಯ ಭಾಗ. ಉದಾಹರಣೆಗೆ, ಇಂಗ್ಲೆಂಡಿನ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಲ್ಲಿ ಜೋಸೆಲಿನ್ ಬೆಲ್ ಎಂಬ ಸಂಶೋಧನಾ ವಿದ್ಯಾರ್ಥಿನಿಯು 1967ರಲ್ಲಿ ಸುಮಾರು 1.34 ಸೆಕೆಂಡಿಗೊಮ್ಮೆ ತಪ್ಪದೆ ಮರುಕಳಿಸುವ ರೇಡಿಯೋ ಸ್ಪಂದನಗಳನ್ನು ಗುರುತಿಸಿದರು. 1968ರ ಫೆಬ್ರುವರಿಯಲ್ಲಿ, ಪ್ರಬಂಧ ಪ್ರಕಟವಾಗುವ ಕೆಲವೇ ದಿನಗಳ ಮೊದಲು, ಆಕೆಯ ಮಾರ್ಗದರ್ಶಕ ಆಂಟನಿ ಹ್ಯೂಯಿಷ್ ಅಲ್ಲಿಯೇ ಸೆಮಿನಾರ್ ನೀಡಿದರು. ಸಭೆಯಲ್ಲಿದ್ದ ಫ್ರೆಡ್ ಹಾಯ್ಲ್ ಈ ವಿಷಯವನ್ನು ತಾವು ಆಗಲೇ ಮೊದಲು ಕೇಳಿದ್ದಾಗಿ ಹೇಳಿ, ಇವು ಶ್ವೇತಕುಬ್ಜಗಳಲ್ಲ, ಮಹಾನವ್ಯ ಸ್ಫೋಟದ ಅವಶೇಷಗಳಿರಬೇಕೆಂದು ಅಭಿಪ್ರಾಯಪಟ್ಟರು. ಅದೇ ವರ್ಷದ ಕೊನೆಯಲ್ಲಿ ಏಡಿ ನೀಹಾರಿಕೆಯಲ್ಲಿ, ಅಂದರೆ ಅಂತಹುದೇ ಒಂದು ಅವಶೇಷದಲ್ಲಿ, ಪಲ್ಸಾರ್ ಪತ್ತೆಯಾಯಿತು.

ಹಾಜರಾಗಲು ಇಚ್ಛಿಸುವವರು ಮೊದಲು ವಿಭಾಗದ ಅಂತರಜಾಲ ಪುಟ ಅಥವಾ ಸೂಚನಾ ಫಲಕದಲ್ಲಿ ದಿನಾಂಕ, ವೇಳೆ ಮತ್ತು ಸಾರಾಂಶವನ್ನು ನೋಡತಕ್ಕದ್ದು. ಹೊರಗಿನವರ ಪ್ರವೇಶದ ಬಗ್ಗೆ ಏನೂ ನಮೂದಿಸದಿದ್ದಲ್ಲಿ ಅದನ್ನು ನಿರಾಕರಣೆಯೆಂದು ತಿಳಿಯದೆ, ಎರಡು ದಿನ ಮುಂಚಿತವಾಗಿ ಸಂಚಾಲಕರಿಗೆ ಇ-ಮೇಲ್ ಕಳುಹಿಸಿ ಅನುಮತಿ ಕೋರಬಹುದು. ತಮ್ಮ ಹೆಸರು, ಕಾಲೇಜು ಮತ್ತು ಉಪನ್ಯಾಸದ ಶೀರ್ಷಿಕೆ ಬರೆದರೆ ಸಾಕು. ದ್ವಾರದಲ್ಲಿ ಭದ್ರತಾ ಸಿಬ್ಬಂದಿ ಕೇಳಬಹುದಾದ್ದರಿಂದ ಗುರುತಿನ ಚೀಟಿ ಹಾಗೂ ಅನುಮತಿಯ ಪ್ರತಿಯನ್ನು ಜೊತೆಯಲ್ಲಿಟ್ಟುಕೊಳ್ಳುವುದು.

ತೆರೆಯ ಮೇಲೆ ತೋರಿಸುವ ನಕ್ಷೆಗಳು ಅಪ್ರಕಟಿತವಾಗಿರಬಹುದು. ಉಪನ್ಯಾಸಕರ ಒಪ್ಪಿಗೆಯಿಲ್ಲದೆ ಅವುಗಳ ಛಾಯಾಚಿತ್ರ ತೆಗೆದು ಹಂಚುವುದು ಸರಿಯಲ್ಲ. ಅದರಿಂದ ಯಾರದೋ ಹಲವು ವರ್ಷಗಳ ಶ್ರಮಕ್ಕೆ ಧಕ್ಕೆಯಾಗಬಹುದು.

ಪಿಎಚ್.ಡಿ. ಅಧ್ಯಯನದ ಉದ್ದೇಶವುಳ್ಳವರು ಪ್ರಶ್ನೋತ್ತರ ಮುಗಿದ ನಂತರ ಉಪನ್ಯಾಸಕರನ್ನು ಭೇಟಿಯಾಗಿ, ಅವರ ತಂಡದಲ್ಲಿ ಯಾವ ಕೆಲಸ ನಡೆಯುತ್ತಿದೆಯೆಂದು ನೇರವಾಗಿ ವಿಚಾರಿಸಬಹುದು. ಅರ್ಜಿ ಸಲ್ಲಿಸುವ ಮುನ್ನ ಇಂತಹ ಹತ್ತು ನಿಮಿಷಗಳ ಮಾತುಕತೆಯಿಂದ ದೊರೆಯುವ ತಿಳಿವಳಿಕೆ ಮಾಹಿತಿ ಪುಸ್ತಿಕೆಯಿಂದ ದೊರೆಯುವುದಿಲ್ಲ. ಅತಿಥಿಗಳ ಪ್ರಯಾಣದ ಕಾರಣ ಕಾರ್ಯಕ್ರಮ ಕೊನೆಯ ಗಳಿಗೆಯಲ್ಲಿ ಬದಲಾಗುವುದುಂಟು; ದೂರದ ಊರುಗಳಿಂದ ಬರುವವರು ಹೊರಡುವ ದಿನ ಬೆಳಿಗ್ಗೆ ಮತ್ತೊಮ್ಮೆ ಖಚಿತಪಡಿಸಿಕೊಳ್ಳುವುದು.