ತಿರುಗಿಸಿದ ನೀರು ಕೆರೆಗೆ ಏನನ್ನು ತರುತ್ತದೆ?

ಕೆಟ್ಟ ಕೆರೆಗೆ ಹೊಳೆ ನೀರು ಹರಿಸಿದರೆ ಕೊಳೆಯೆಲ್ಲ ತೊಳೆದುಹೋಗುತ್ತದೆ ಎಂಬ ನಂಬಿಕೆ ಊರವರಲ್ಲೂ ಇದೆ, ಎಂಜಿನಿಯರುಗಳಲ್ಲೂ ಇದೆ. ಚೀನಾದ ತೈಹು ಸರೋವರದಲ್ಲಿ ಈ ನಂಬಿಕೆ ದೊಡ್ಡ ಪ್ರಮಾಣದಲ್ಲೇ ಪರೀಕ್ಷೆಗೆ ಒಳಗಾಯಿತು. ಸುಮಾರು 2,300 ಚದರ ಕಿಲೋಮೀಟರ್ ಹರಡಿಕೊಂಡಿರುವ ಈ ಸಿಹಿನೀರಿನ ಸರೋವರದ ಸರಾಸರಿ ಆಳ ಎರಡು ಮೀಟರಿಗೂ ಕಡಿಮೆ. ಸುತ್ತಲಿನ ಕಾರ್ಖಾನೆ, ಪೇಟೆ, ಗದ್ದೆಗಳ ಕೊಳಕೆಲ್ಲ ದಶಕಗಳಿಂದ ಅದರೊಳಗೆ ಇಳಿದಿತ್ತು. ಅದನ್ನು ತಿಳಿಗೊಳಿಸಲೆಂದು 2002ರಿಂದ ಯಾಂಗ್ಟ್ಸೆ ನದಿಯ ನೀರನ್ನು ವಾಂಗ್ಯೂ ಕಾಲುವೆಯಲ್ಲಿ ತಂದು ಬಿಡತೊಡಗಿದರು. ಆದರೂ 2007ರ ಮೇ ಕೊನೆಗೆ ದಡದ ವೂಶಿ ನಗರದ ನಲ್ಲಿಗಳಲ್ಲಿ ಗಬ್ಬು ನಾರುವ ನೀರು ಬಂತು. ನೀರೆತ್ತುವ ಜಾಗದಲ್ಲೇ ನೀಲಿ-ಹಸಿರು ಪಾಚಿ ಒಟ್ಟಾಗಿ ಕೊಳೆತಿತ್ತು. ಇಪ್ಪತ್ತು ಲಕ್ಷದಷ್ಟು ಜನ ಬಾಟಲಿ ನೀರಿಗೆ ಮುಗಿಬಿದ್ದರು.

ಆಗ ನದಿನೀರನ್ನು ಇನ್ನಷ್ಟು ಹರಿಸಿದ್ದರಿಂದಲೇ ನಗರ ಚೇತರಿಸಿಕೊಂಡಿತಲ್ಲ ಎಂದು ಕೇಳಬಹುದು. ಆಪತ್ತಿಗೆ ಅದು ಒದಗಿತು, ನಿಜ. ರೋಗ ಮಾತ್ರ ಹೋಗಲಿಲ್ಲ. ಯಾಂಗ್ಟ್ಸೆಯ ಕೆಳಪಾತ್ರದ ನೀರೂ ತನ್ನ ದಾರಿಯ ಊರು, ಹೊಲಗಳಿಂದ ಪಾಚಿಯನ್ನು ಬೆಳೆಸುವ ಸಾರಜನಕ ಮತ್ತು ರಂಜಕವನ್ನು ಹೊತ್ತೇ ಬರುತ್ತದೆ. ಕಾಲುವೆ ಬಿಟ್ಟು ಸರೋವರ ಸೇರಿದೊಡನೆ ಅದರ ಓಟ ತಗ್ಗುತ್ತದೆ. ಮಣ್ಣಿನ ಕಣ ತಳಕ್ಕೆ ಇಳಿಯುತ್ತದೆ, ಕಣಕ್ಕೆ ಅಂಟಿದ ರಂಜಕವೂ ಅಲ್ಲೇ ಉಳಿಯುತ್ತದೆ. ಸಾರಜನಕದ ಒಂದು ಪಾಲನ್ನಾದರೂ ಬ್ಯಾಕ್ಟೀರಿಯಾಗಳು ಅನಿಲವಾಗಿಸಿ ಗಾಳಿಗೆ ಬಿಡುತ್ತವೆ. ರಂಜಕಕ್ಕೆ ಆ ದಾರಿಯೇ ಇಲ್ಲ. ಆಳವಿಲ್ಲದ ಸರೋವರದಲ್ಲಿ ಒಂದು ಜೋರು ಗಾಳಿ ಸಾಕು, ಹೂಳು ಕದಡಿ ರಂಜಕ ಮತ್ತೆ ಪಾಚಿಯ ಬಾಯಿಗೆ ಬೀಳುತ್ತದೆ. ಮೇಲಾಗಿ, ಹೊಸ ನೀರು ಮೊದಲು ತೊಳೆಯುವುದು ಕಾಲುವೆ ಬಾಯಿಯ ಗೊಂಗ್ಹು ಕೊಲ್ಲಿಯನ್ನು. ಬೇಸಿಗೆಯ ಆಗ್ನೇಯ ಗಾಳಿ ಪಾಚಿಯನ್ನು ತಳ್ಳಿ ರಾಶಿ ಹಾಕುವ ಮೈಲಿಯಾಂಗ್ ಕೊಲ್ಲಿಗೆ ಅದರ ಪ್ರಯೋಜನ ಅಷ್ಟಾಗಿ ತಲುಪುವುದಿಲ್ಲ.

ಹಾಗೆಂದು ಈ ಉಪಾಯವೇ ದಂಡ ಎನ್ನುವಂತಿಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಮೋಸೆಸ್ ಸರೋವರಕ್ಕೆ 1977ರಿಂದ ಕೊಲಂಬಿಯಾ ನದಿಯ ನೀರು ಬಿಟ್ಟಾಗ ರಂಜಕವೂ ಪಾಚಿಯೂ ಗಣನೀಯವಾಗಿ ಇಳಿದವು. ವ್ಯತ್ಯಾಸ ಎಲ್ಲಿದೆ? ಕೊಲಂಬಿಯಾ ನೀರಿನಲ್ಲಿ ರಂಜಕ ಸರೋವರಕ್ಕಿಂತ ತೀರಾ ಕಡಿಮೆ ಇತ್ತು, ಅಷ್ಟೇ. ಇತ್ತೀಚೆಗೆ ಅಲ್ಲೂ ಪಾಚಿ ತಲೆ ಎತ್ತಿದೆ: ಬರುವ ನೀರು ಎಷ್ಟೇ ತಿಳಿಯಾಗಿದ್ದರೂ ಸುತ್ತಲಿನ ನೆಲದಿಂದ ಇಳಿಯುವುದನ್ನೂ ತಳದ ಹೂಳನ್ನೂ ಅದು ಗೆಲ್ಲಲಾರದು. ಎಷ್ಟು ಘನಮೀಟರ್ ಹರಿಸಿದೆವು ಎಂದು ಹೇಳಿಕೊಳ್ಳುವ ಯೋಜನೆ ನನಗೆ ಅರೆಬರೆ ಲೆಕ್ಕವಾಗಿಯೇ ಕಾಣುತ್ತದೆ.

ರಸಾಯನಕ್ಕಷ್ಟೇ ಈ ಮಾತು ನಿಲ್ಲುವುದಿಲ್ಲ. ಚೀನಾದ ದಕ್ಷಿಣ-ಉತ್ತರ ನೀರು ಸಾಗಣೆಯ ಪೂರ್ವ ಮಾರ್ಗ 2013ರಿಂದ ಹೊಂಗ್ಜೆ, ನಾನ್ಸಿ ಮುಂತಾದ ಸರೋವರಗಳನ್ನೇ ಮಜಲುಗಳನ್ನಾಗಿ ಮಾಡಿಕೊಂಡು ನೀರನ್ನು ಪಂಪುಗಳಿಂದ ಮೇಲೆತ್ತುತ್ತಿದೆ. ಆ ಸರೋವರಗಳಲ್ಲಿ ಈಗ ನದೀಮುಖದ ಗೋಬಿ ಮೀನುಗಳು ಸಿಕ್ಕಿವೆ. ಒಮ್ಮೆ ನೆಲೆಯೂರಿದ ಮೀನನ್ನು ಯಾವ ತೂಬು ಮುಚ್ಚಿದರೂ ಹಿಂದಕ್ಕೆ ಕಳಿಸಲಾಗದು. ಕಾಲವಲ್ಲದ ಕಾಲದಲ್ಲಿ ಮಟ್ಟ ಏರಿದರೆ ತಳದ ಜಲಸಸ್ಯಗಳಿಗೆ ಬೆಳಕು ಸಾಲುವುದಿಲ್ಲ. ಅವು ಸತ್ತ ಜಾಗವನ್ನು ಪಾಚಿ ಹಿಡಿಯುತ್ತದೆ.

ನೀರಿಲ್ಲದೆ ಒಣಗಿದ ಕೆರೆಗಿಂತ ಯಾವ ನೀರಾದರೂ ಮೇಲು ಎಂಬುದು ಕೊನೆಯ ಆಕ್ಷೇಪ. ಕೋಲಾರ ಇದನ್ನು ಚೆನ್ನಾಗಿ ಬಲ್ಲದು. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆನೀರು 2018ರಿಂದ ಅಲ್ಲಿನ ಕೆರೆಗಳಿಗೆ ಹರಿಯುತ್ತಿದೆ. ಬತ್ತಿದ ಕೊಳವೆಬಾವಿಗಳ ನಾಡಿಗೆ ಅಂತರ್ಜಲ ಬೇಡವೆನ್ನುವವರು ಯಾರು? ಎರಡು ಹಂತದ ಸಾಮಾನ್ಯ ಸಂಸ್ಕರಣೆ ಮಾತ್ರ ರಂಜಕವನ್ನು ಪೂರ್ತಿ ತೆಗೆಯುವುದಿಲ್ಲ. ಮೂರನೇ ಹಂತದ ಸಂಸ್ಕರಣೆಯೂ ಬೇಕೆಂಬ ಬೇಡಿಕೆ ಹಠವಲ್ಲ, ನ್ಯಾಯ. ಕೆರೆಗೆ ಬಿಟ್ಟ ನೀರಿನ ಪ್ರಮಾಣದ ಜೊತೆಗೆ ಅದರ ರಂಜಕದ ಅಂಕಿಯನ್ನೂ ತಿಂಗಳು ತಿಂಗಳೂ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಬರೆಯಿಸಬೇಕು.