ನಿಮಗಿದು ಗೊತ್ತೆ? ಗ್ರಾಮಫೋನ್ ತಟ್ಟೆ ಕೊರೆಯುವವರ ಯಂತ್ರ ಡ್ರಮ್ಮಿಗೆ ಬಂತು!

ವಾದ್ಯ, ದನಿ ಎಲ್ಲವನ್ನೂ ಬೆರೆಸಿದ ಮೇಲೆ ಇಡೀ ಹಾಡಿಗೆ ಕೊಡುವ ಕೊನೆಯ ಹದವೇ ಮಾಸ್ಟರಿಂಗ್. ಅದಕ್ಕೆಂದೇ ಮಾಡಿದ ಪ್ಲಗಿನ್ (ರೆಕಾರ್ಡಿಂಗ್ ಸಾಫ್ಟ್‌ವೇರಿಗೆ ಸೇರಿಸಿಕೊಳ್ಳುವ ಪರಿಕರ) ಅನ್ನು ಬರೀ ಡ್ರಮ್ಮಿನ ಅಥವಾ ಗಾಯನದ ಟ್ರ್ಯಾಕಿಗೆ ಹಾಕಲು ಹೊಸಬರು ಹಿಂಜರಿಯುತ್ತಾರೆ. ಖಂಡಿತ ಹಿಂಜರಿಯಬೇಕಿಲ್ಲ, ಮಾಸ್ಟರಿಂಗ್ ಸಾಧನವನ್ನು ಹೀಗೆ ಬಳಸುವುದು ಹಳೆಯ ರೂಢಿ.

1950ರ ದಶಕದಲ್ಲಿ ಅಮೆರಿಕದ ಫೇರ್‌ಚೈಲ್ಡ್ ಲಿಮಿಟರ್ ಹುಟ್ಟಿದ್ದು ಗ್ರಾಮಫೋನ್ ತಟ್ಟೆ ಕೊರೆಯುವವರಿಗಾಗಿ. ಸದ್ದು ಮಿತಿಮೀರಿದರೆ ತಟ್ಟೆಯ ಗೀರಿನಿಂದ ಮುಳ್ಳು ಹಾರಿಬಿಡುತ್ತದೆ. ಅಂಥ ಏರನ್ನು ಇದು ಅದುಮಿ ಹಿಡಿಯುತ್ತಿತ್ತು. 1966ರಲ್ಲಿ ಲಂಡನ್ನಿನ ಆ್ಯಬಿ ರೋಡ್ ಸ್ಟುಡಿಯೋದಲ್ಲಿ ಬೀಟಲ್ಸ್ ತಂಡದ 'ಟುಮಾರೊ ನೆವರ್ ನೋಸ್' ಹಾಡಿಗೆ 20ರ ಹರೆಯದ ಎಂಜಿನಿಯರ್ ಜೆಫ್ ಎಮರಿಕ್ ಮಾಡಿದ್ದೇನು ಗೊತ್ತೆ? ರಿಂಗೊ ಸ್ಟಾರ್ ಅವರ ಬಾಸ್ ಡ್ರಮ್ಮಿನೊಳಗೆ ಉಣ್ಣೆಯ ಸ್ವೆಟರ್ ತುರುಕಿದರು, ಮೈಕನ್ನು ತೀರಾ ಹತ್ತಿರ ತಂದರು, ಆ ಸದ್ದನ್ನು ಫೇರ್‌ಚೈಲ್ಡ್ 660 ಲಿಮಿಟರ್ ಮೂಲಕ ಹಾಯಿಸಿದರು. ಆ ಪೆಟ್ಟು ಇವತ್ತಿಗೂ ನೇರ ಎದೆಗೇ ಬೀಳುತ್ತದೆ. ಹಾಕಿ ಕೇಳಿ!

ಈಗ ಆ ಯಂತ್ರವೇ ಪ್ಲಗಿನ್ ರೂಪದಲ್ಲಿ ಸಿಗುತ್ತದೆ.

ಎಚ್ಚರವೂ ಬೇಕು. ಮಾಸ್ಟರಿಂಗ್‌ನವರು ಮೆಚ್ಚುವ ಲೀನಿಯರ್ ಫೇಸ್ ಇಕ್ಯೂ (ಒಂದು ಬಗೆಯ ಈಕ್ವಲೈಸರ್) ಡ್ರಮ್ಮಿನ ಮೇಲೆ ಕೂತರೆ, ಪೆಟ್ಟಿಗಿಂತ ಮೊದಲೇ ಮಸುಕಾದೊಂದು ಮೊಳಗು ಕೇಳಿಸಿ ಹೊಡೆತದ ಮೊನೆ ಮೊಂಡಾಗಬಹುದು. ಇಂದಿನ ಹಲವು ಲಿಮಿಟರ್‌ಗಳು ಮುಂದೆ ಬರುವ ಸದ್ದನ್ನು ನೋಡಿಕೊಂಡು ಕೆಲಸ ಮಾಡುವುದರಿಂದ ಕೆಲವು ಮಿಲಿಸೆಕೆಂಡ್ ತಡ ಮಾಡುತ್ತವೆ. ಮಿಕ್ಸಿಂಗ್ ಹೊತ್ತಿನಲ್ಲಿ ಆ ತಡವನ್ನು ಸಾಫ್ಟ್‌ವೇರೇ ಸರಿದೂಗಿಸುತ್ತದೆ. ಆದರೆ ಗಾಯಕಿ ಹೆಡ್‌ಫೋನ್ ಹಾಕಿಕೊಂಡು ಹಾಡುವಾಗ ತನ್ನ ದನಿಯೇ ತಡವಾಗಿ ಕೇಳಿ ತಾಳ ತಪ್ಪಬಹುದು. ರೆಕಾರ್ಡಿಂಗ್ ಮುಗಿಯುವವರೆಗೆ ಅಂಥ ಲಿಮಿಟರ್ ಅನ್ನು ಆಫ್ ಮಾಡಿಡಿ.