ಸೂರಿನ ಕೆಳಗಣ ಹಂದಿ

ಮನೆಯೆಂಬ ಮಾತನ್ನು ಬರೆಯಬೇಕಾದಾಗ ಚೀನೀಯರು ಮೊದಲು ಮೂರು ಗೆರೆಗಳಿಂದ ಒಂದು ಸೂರನ್ನೆಳೆದು, ಅದರ ಕೆಳಗೆ ಏಳು ಗೆರೆಗಳಿಂದ ಒಂದು ಹಂದಿಯನ್ನು ನಿಲ್ಲಿಸುವರು. ಈ ಅಕ್ಷರವನ್ನು ‘ಜ್ಯಾ’ ಎಂದು ಓದುವುದುಂಟು. ಇದನ್ನು ಕೇಳಿದೊಡನೆ ನಮ್ಮ ಗೃಹಿಣಿಯರಲ್ಲಿ ಅನೇಕರು ಮೂಗಿನ ಮೇಲೆ ಬೆರಳಿಡುವರೆಂಬುದನ್ನು ನಾವು ಬಲ್ಲೆವು. ಒಲೆಯ ಮುಂದೆ ತಾಯಿಯಿಲ್ಲ, ತೊಟ್ಟಿಲಲ್ಲಿ ಕೂಸಿಲ್ಲ, ಇದೆಂತಹ ಮನೆ!

ಅಕ್ಷರವಾದರೋ ಬಹು ಪುರಾತನವಾದುದು. ಮೂರು ಸಾವಿರ ವರ್ಷಗಳಿಗೂ ಹಿಂದೆ, ಷಾಂಗ್ ಅರಸರ ಕಾಲದಲ್ಲಿ, ಶಕುನ ಕೇಳುವುದಕ್ಕಾಗಿ ಆಮೆಯ ಚಿಪ್ಪು ಮತ್ತು ದನದ ಎಲುಬುಗಳ ಮೇಲೆ ಕೊರೆದ ಬರಹಗಳಲ್ಲಿಯೇ ಸೂರೂ ಹಂದಿಯೂ ಕೂಡಿ ಬಂದಿವೆ. ಆ ಎಲುಬುಗಳ ಬೆಲೆಯು ಪಂಡಿತರಿಗೆ ತಿಳಿದುದು ೧೮೯೯ರಲ್ಲಿ. ಅದುವರೆಗೆ ಮದ್ದಿನ ಅಂಗಡಿಗಳಲ್ಲಿ ಅವನ್ನು ಮಹಾಸರ್ಪದ ಎಲುಬೆಂದು ಮಾರುತ್ತಿದ್ದರಂತೆ!

ಹಂದಿಯೇ ಏಕೆ? ಕ್ರಿಸ್ತಶಕ ೧೦೦ರ ಸುಮಾರಿಗೆ ಶೂ ಶೆನ್ ಎಂಬ ಪಂಡಿತನು ರಚಿಸಿದ ನಿಘಂಟಿನ ಉತ್ತರವು ಕೊಂಚ ನೀರಸವಾದುದೇ. ಗಂಡುಹಂದಿಯೆಂಬರ್ಥದ ಬೇರೊಂದು ಅಕ್ಷರವು ಇಲ್ಲಿ ಮೊಟಕಾಗಿ ನಿಂತಿದೆ, ಅದು ಉಚ್ಚಾರವನ್ನು ತಿಳಿಸಲು ಮಾತ್ರ ಬಂದುದು ಎಂದು ಅವನ ಮತ. ಹದಿನೇಳು ಶತಮಾನಗಳ ತರುವಾಯ ಅದೇ ನಿಘಂಟಿಗೆ ವ್ಯಾಖ್ಯಾನ ಬರೆದ ದುವಾನ್ ಯೂತ್ಸಾಯ್ ಇದನ್ನೊಪ್ಪದೆ, ಮೊದಲು ಹಂದಿಯ ವಾಸಕ್ಕಿದ್ದ ಹೆಸರೇ ಮುಂದೆ ಮನುಷ್ಯರ ವಾಸಕ್ಕೆ ಸಂದಿತೆಂದನು. ವಿದ್ವಾಂಸರಲ್ಲಿ ಇಂದಿಗೂ ಒಮ್ಮತವಿಲ್ಲ. ದುವಾನನನ್ನು ಕಂಡು ನಗುವ ಮೊದಲು ನಾವು ನಮ್ಮ ನುಡಿಯನ್ನೇ ನೋಡಿಕೊಳ್ಳಬೇಕು. ಹಟ್ಟಿಯೆಂದರೆ ದನದ ಕೊಟ್ಟಿಗೆ. ಹಟ್ಟಿಯೆಂದರೆ ಜನರ ವಾಸವೂ ಹೌದು. ಮದುವೆಯ ಮಾತುಕತೆಯಲ್ಲಿ ಅಷ್ಟು ಗಂಭೀರವಾಗಿ ವಿಚಾರಿಸುವ ಗೋತ್ರವೂ ಮೂಲಾರ್ಥದಲ್ಲಿ ಗೋವುಗಳ ದೊಡ್ಡಿಯೇ. ನಮಗೆ ಹಸು, ಅವರಿಗೆ ಹಂದಿ. ಹಾನ್ ಅರಸರ ಕಾಲದ ಗೋರಿಗಳಲ್ಲಿ ಮಣ್ಣಿನಿಂದ ಮಾಡಿದ ಪುಟ್ಟ ಹಂದಿದೊಡ್ಡಿಗಳು ದೊರೆತಿವೆ. ಸತ್ತವರ ಸಂಸಾರಕ್ಕೂ ಅದು ಬೇಕೆಂದು ಬಗೆದಿದ್ದರು.

ಈ ಅಕ್ಷರದ ದಿನಬಳಕೆಯು ವಿಸ್ತಾರವಾದುದು. ‘ದೊಡ್ಡ ಮನೆ’ ಎಂದರೆ ‘ಎಲ್ಲರೂ’. ರಾಜ್ಯವೆಂಬುದರ ಜೊತೆಗೆ ಮನೆ ಸೇರಿದರೆ ದೇಶ. ವಿದ್ಯೆಯೊಂದರ ಹೆಸರಿನ ಕೊನೆಗೆ ಸೇರಿದರೆ ಆ ವಿದ್ಯೆಯಲ್ಲಿ ಪರಿಣತನಾದವನು. ಎಡಮಗ್ಗುಲಿಗೆ ಹೆಣ್ಣಿನ ಗುರುತನ್ನಿಟ್ಟರೆ ‘ಮದುವೆಯಾಗಿ ಹೋಗು’ ಎಂದಾಗುವುದು. ಇದು ಹೆಣ್ಣಿಗೆ ಮಾತ್ರ ಸಲ್ಲುವ ಮಾತು. ಗಂಡಿನ ಮದುವೆಗೆ ಬೇರೆಯೇ ಅಕ್ಷರ: ‘ತೆಗೆದುಕೊಳ್ಳು’ ಎಂಬುದರ ಕೆಳಗೆ ಒಬ್ಬ ಹೆಣ್ಣು. ಹೆಣ್ಣು ಕೊಟ್ಟೆವು, ಹೆಣ್ಣು ತಂದೆವು ಎನ್ನುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗೆ ಹೋದವಳಿಗೆ ಚೀನೀಯರ ಮಾತಿನಲ್ಲಿ ಎರಡು ಮನೆಗಳು: ಒಂದು ‘ತಾಯಿಯ ಮನೆ’, ಇನ್ನೊಂದು ‘ಅತ್ತೆಯ ಮನೆ’. ಹೊಸವರ್ಷದ ಎರಡನೆಯ ದಿನ ಗಂಡನನ್ನೂ ಮಕ್ಕಳನ್ನೂ ಕರೆದುಕೊಂಡು ಅವಳು ತಾಯಿಯ ಮನೆಗೆ ಬರುವ ಪದ್ಧತಿಯು ಆ ದೇಶದ ಅನೇಕ ಕಡೆಗಳಲ್ಲಿ ಇಂದಿಗೂ ಉಂಟು.